ವಾದಿಯೇ ನ್ಯಾಯಾಧಿಪತಿಯಾದರೆ?

ಕಕ್ಕಡದ ಮಳೆ ಹಿಡಿಯಿತೆಂದರೆ ಹಾರಂಗಿಯ ಅಣೆಕಟ್ಟಿನ ಕೆಳಗಣ ಜನರು ರಾತ್ರಿ ನಿಶ್ಚಿಂತೆಯಿಂದ ಮಲಗುವುದಿಲ್ಲ. ಮಕ್ಕಂದೂರು, ಹಟ್ಟಿಹೊಳೆ, ಮಾದಾಪುರಗಳ ಕಡೆಯ ಬೆಟ್ಟಗಳಲ್ಲಿ ಸುರಿದ ನೀರೆಲ್ಲವೂ ಇಳಿದು ಈ ಜಲಾಶಯಕ್ಕೇ ಬರಬೇಕು. ಜಲಾಶಯದ ತುಂಬುಮಟ್ಟ ೨೮೫೯ ಅಡಿ. ಅದು ಹಿಡಿಯಬಲ್ಲ ನೀರು ಸುಮಾರು ಎಂಟೂವರೆ ಟಿ.ಎಂ.ಸಿ. ಮಿಕ್ಕುದನ್ನು ಹೊಳೆಗೆ ಬಿಡದೆ ಗತಿಯಿಲ್ಲ. ಬಿಟ್ಟ ನೀರು ಕೂಡಿಗೆಯ ಬಳಿ ಕಾವೇರಿಯನ್ನು ಕೂಡುತ್ತದೆ. ಕಾವೇರಿಯೂ ತುಂಬಿ ಬಂದಿದ್ದರೆ ಕುಶಾಲನಗರದ ಬೀದಿಗಳಲ್ಲಿ ಹೊಳೆ ಹರಿಯುತ್ತದೆ. ೨೦೧೮ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ ಕೊಡಗಿನ ಗುಡ್ಡಗಳು ಜರಿದು ಬಿದ್ದವು, ಮನೆಗಳು ಮಣ್ಣಿನಡಿಯಾದವು, ಕುಶಾಲನಗರದ ಬಡಾವಣೆಗಳಿಗೆ ನೀರು ನುಗ್ಗಿತು. ಮರುವರ್ಷವೂ ಅದೇ ಗತಿಯಾಯಿತು.

ಆಗ ಜನರು ಕೆಲವು ಪ್ರಶ್ನೆಗಳನ್ನು ಕೇಳಿದರು. ಬಾಗಿಲುಗಳನ್ನು ತೆರೆದುದು ಯಾವಾಗ? ಮುಂಚಿತವಾಗಿ ತಿಳುವಳಿಕೆ ಕೊಟ್ಟಿದ್ದರೇ? ಬೆಟ್ಟ ಕುಸಿದು ಬಂದ ಹೂಳು ಜಲಾಶಯದ ಎಷ್ಟು ಪಾಲನ್ನು ನುಂಗಿದೆ? ಅದನ್ನು ತೆಗೆಯುವವರು ಯಾರು? ಈ ಪ್ರಶ್ನೆಗಳಿಗೆ ಸರಿಯಾದ ಉತ್ತರ ಯಾವುದೆಂಬುದನ್ನು ತಜ್ಞರು ಹೇಳಲಿ. ಆದರೆ ಪ್ರಶ್ನೆಯನ್ನು ಕೇಳಿದವನು ಯಾವ ಭಯಕ್ಕೂ ಒಳಗಾಗಬಾರದೆಂಬುದನ್ನು ಹೇಳುವುದಕ್ಕೆ ತಜ್ಞನೇ ಬೇಕಾಗಿಲ್ಲ. ನಮ್ಮ ದೇಶದಲ್ಲಿ ೨೦೦೫ನೆಯ ಇಸವಿಯ ವಿಪತ್ತು ನಿರ್ವಹಣೆಯ ಕಾಯಿದೆಯೊಂದಿದೆ. ವಿಪತ್ತಿನ ವಿಷಯವಾಗಿ ಸುಳ್ಳು ಎಚ್ಚರಿಕೆಯನ್ನು ಹಬ್ಬಿಸಿ ಗಾಬರಿ ಹುಟ್ಟಿಸಿದವನಿಗೆ ಒಂದು ವರ್ಷದವರೆಗಿನ ಸೆರೆವಾಸವನ್ನೋ ದಂಡವನ್ನೋ ವಿಧಿಸಬಹುದೆಂದು ಅದರ ೫೪ನೆಯ ಕಲಮು ಹೇಳುತ್ತದೆ. ಕಲಮಿನ ಉದ್ದೇಶ ಒಳ್ಳೆಯದೇ. ವಿಪತ್ತಿನ ನಡುರಾತ್ರಿಯಲ್ಲಿ ಸುಳ್ಳುಸುದ್ದಿ ಹಬ್ಬಿಸುವವನು ಸಮಾಜಘಾತಕನೇ ಸರಿ. ಆದರೆ ಒಬ್ಬ ರೈತನು, "ಜಲಾಶಯದಲ್ಲಿ ಹೂಳು ತುಂಬಿದೆ, ಅಧಿಕಾರಿಗಳು ತಡಮಾಡಿ ನೀರು ಬಿಡುತ್ತಿದ್ದಾರೆ, ಈ ಸಲವೂ ನಾವು ಮುಳುಗುತ್ತೇವೆ" ಎಂದು ಊರ ಮುಂದೆ ಹೇಳಿದನೆನ್ನಿ. ಅದು ಎಚ್ಚರಿಕೆಯೋ, ಸುಳ್ಳು ಎಚ್ಚರಿಕೆಯೋ? ಇದನ್ನು ಮೊದಲು ತೀರ್ಮಾನಿಸಿ ಅವನನ್ನು ಠಾಣೆಗೆ ಕರೆಯುವವರು ಯಾರು? ಯಾವ ಅಧಿಕಾರಿವರ್ಗವನ್ನು ಅವನು ದೂರಿದನೋ ಅದೇ ಅಧಿಕಾರಿವರ್ಗವಲ್ಲವೇ?

ನಾವು ಇಂದು ವಾಚಕರ ಮುಂದಿಡಬೇಕೆಂದಿರುವ ಮಾತು ಇದೊಂದೇ: ಟೀಕೆಗೆ ಗುರಿಯಾದವನ ಕೈಯಲ್ಲಿ ಟೀಕಾಕಾರನನ್ನು ಶಿಕ್ಷಿಸುವ ದಂಡವಿರಕೂಡದು. ಮಾತಿಗೆ ಮೇರೆಯೇ ಇಲ್ಲವೆಂದು ನಾವು ವಾದಿಸುವುದಿಲ್ಲ. ಒಬ್ಬರ ಮಾನವನ್ನು ಸುಳ್ಳಿನಿಂದ ಕಳೆಯುವವನು, ಮನೆ ಸುಡಿರೆಂದು ಗುಂಪನ್ನು ಹುರಿದುಂಬಿಸುವವನು, ಇವರೆಲ್ಲ ಕಾನೂನಿಗೆ ಉತ್ತರ ಹೇಳಬೇಕಾದವರೇ. ಆದರೆ ಉತ್ತರವನ್ನು ಕೇಳಬೇಕಾದವನು ಎರಡು ಕಡೆಗೂ ಸೇರದ ನ್ಯಾಯಾಧಿಪತಿ. ಹಳ್ಳಿಯ ಪಂಚಾಯಿತಿಯಲ್ಲಿಯೂ ತನ್ನ ವ್ಯಾಜ್ಯಕ್ಕೆ ತಾನೇ ಪಂಚನಾಗಿ ಕೂಡುವವನನ್ನು ಜನರು ಎಬ್ಬಿಸಿ ಕಳಿಸುತ್ತಾರೆ. ರಾಜ್ಯಭಾರದಲ್ಲಿ ಮಾತ್ರ ಈ ಸಾಮಾನ್ಯ ನೀತಿಯನ್ನು ನಾವು ಮರೆಯುತ್ತ ಬಂದಿದ್ದೇವೆ.

ಈ ಮರೆವು ಹೊಸದಲ್ಲ. ೧೯೦೮ನೆಯ ಇಸವಿಯ ಜುಲೈ ೨೨ರಂದು 'ಕೇಸರಿ'ಯ ಲೇಖನಗಳಿಗಾಗಿ ಲೋಕಮಾನ್ಯ ತಿಲಕರಿಗೆ ಆರು ವರ್ಷಗಳ ಗಡೀಪಾರಿನ ಶಿಕ್ಷೆಯಾಯಿತು. ಅವರನ್ನು ಮಂಡಾಲೆಗೆ ಒಯ್ದರು. ಪರಕೀಯರ ಸರಕಾರ ಹಾಗೆ ಮಾಡಿತೆಂದು ದೇಶವೆಲ್ಲ ಮರುಗಿತು. ಅದೇ ವರ್ಷ ನಮ್ಮ ಮೈಸೂರಿನಲ್ಲಿ ನಡೆದುದೇನು? ಅಲ್ಲಿ ಆಳುತ್ತಿದ್ದವರು ನಮ್ಮ ಅರಸರು, ದಿವಾನರಾಗಿದ್ದ ವಿ. ಪಿ. ಮಾಧವರಾಯರು ನಮ್ಮವರೇ. ಆದರೂ ಸರಕಾರದ ಅನುಮತಿಯಿಲ್ಲದೆ ವೃತ್ತಪತ್ರಿಕೆಯನ್ನು ನಡೆಸಕೂಡದೆಂದೂ, ಕೊಟ್ಟ ಅನುಮತಿಯನ್ನು ಸರಕಾರ ಹಿಂದಕ್ಕೆ ತೆಗೆದುಕೊಳ್ಳಬಹುದೆಂದೂ ವಿಧಿಸುವ ನಿಬಂಧನೆಯೊಂದು ಆ ವರ್ಷ ಜಾರಿಗೆ ಬಂದಿತು. ದಿವಾನರ ಆಡಳಿತವನ್ನು ತೂಗಿನೋಡುವ ಪತ್ರಿಕೆಯು ದಿವಾನರ ಅಪ್ಪಣೆಯಿಂದಲೇ ಉಸಿರಾಡಬೇಕಾಯಿತು! 'ವೃತ್ತಾಂತ ಚಿಂತಾಮಣಿ'ಯಿಂದ ನಾಡಿಗೆಲ್ಲ ಪರಿಚಿತರಾಗಿದ್ದ 'ತಾತಯ್ಯ' ಎಂ. ವೆಂಕಟಕೃಷ್ಣಯ್ಯನವರು ಈ ಅಪ್ಪಣೆಯನ್ನು ಬೇಡಲಿಲ್ಲ. ಪ್ರತಿಭಟನೆಯಾಗಿ ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿಬಿಟ್ಟರು. ಬೇಡಿ ಬರೆಯುವುದಕ್ಕಿಂತ ಬರೆಯದಿರುವುದೇ ಲೇಸೆಂದು ಆ ವೃದ್ಧರು ಕಂಡುಕೊಂಡರು.

ಇದರಿಂದ ಕಲಿಯಬೇಕಾದ ಪಾಠವೊಂದಿದೆ. ಅಧಿಕಾರದಲ್ಲಿರುವವನು ನಮ್ಮವನಾದ ಮಾತ್ರಕ್ಕೆ ಅಧಿಕಾರದ ಸ್ವಭಾವ ಬದಲಾಗುವುದಿಲ್ಲ. ಮಾಧವರಾಯರು ಅಪ್ರಾಮಾಣಿಕರೆಂದು ನಾವು ಹೇಳುವುದಿಲ್ಲ. ಸಮರ್ಥನಾದ ಆಡಳಿತಗಾರನಿಗೂ ಟೀಕೆಯು ಉಪದ್ರವವಾಗಿ ಕಾಣುತ್ತದೆ. ಉಪದ್ರವವನ್ನು ನಿವಾರಿಸುವ ಸಾಧನ ಕೈಯಲ್ಲಿದ್ದರೆ ಅದನ್ನು ಬಳಸುವ ಮನಸ್ಸಾಗುತ್ತದೆ. ಆದುದರಿಂದ ಸಾಧನವೇ ಅವನ ಕೈಯಲ್ಲಿರದಂತೆ ನೋಡಿಕೊಳ್ಳುವುದು ಪ್ರಜೆಗಳ ಕರ್ತವ್ಯ.

ಕೊಡಗಿನ ಮಾತಿಗೆ ಬರೋಣ. ಇಲ್ಲಿ ಪತ್ರಿಕೆಯೂ ಸೆರೆಮನೆಯೂ ಒಂದರ ಪಕ್ಕದಲ್ಲೊಂದು ನಿಂತಿದ್ದ ಕಾಲವಿತ್ತು. 'ಕೊಡಗು' ಪತ್ರಿಕೆಯ ಸಂಪಾದಕರಾದ ಪಂದ್ಯಂಡ ಬೆಳ್ಳಿಯಪ್ಪನವರು ಗಾಂಧೀಜಿಯವರ ಮಾರ್ಗವನ್ನು ಹಿಡಿದು, ಚೀಫ್ ಕಮಿಷನರರ ಆಡಳಿತವನ್ನು ವಿಮರ್ಶಿಸಿ, ಸೆರೆವಾಸವನ್ನೂ ಅನುಭವಿಸಿದವರು. ಸ್ವಾತಂತ್ರ್ಯ ಬಂದ ಮೇಲೆ ಆದುದು ಇನ್ನೂ ಸ್ವಾರಸ್ಯವಾದುದು. ೧೯೫೨ನೆಯ ಇಸವಿಯ ಚುನಾವಣೆಯಲ್ಲಿ ಅದೇ ಬೆಳ್ಳಿಯಪ್ಪನವರು ತಕ್ಕಡಿ ಪಕ್ಷದ ನಾಯಕರಾಗಿ, ಕೊಡಗು ಮೈಸೂರಿನೊಡನೆ ಸೇರಕೂಡದೆಂದು ವಾದಿಸಿದರು. ಸಿ. ಎಂ. ಪೂಣಚ್ಚನವರ ಮುಖಂಡತ್ವದ ಕಾಂಗ್ರೆಸ್ಸು ಸೇರಬೇಕೆಂದು ವಾದಿಸಿತು. ೨೪ ಸ್ಥಾನಗಳಲ್ಲಿ ಕಾಂಗ್ರೆಸ್ಸಿಗೆ ೧೫, ತಕ್ಕಡಿಗೆ ೯ ದೊರೆತವು. ೧೯೫೬ನೆಯ ಇಸವಿಯ ನವೆಂಬರ್ ೧ರಂದು ಕೊಡಗು ಅಖಂಡ ಕರ್ನಾಟಕದಲ್ಲಿ ಸೇರಿತು.

ಕನ್ನಡ ನಾಡು ಒಂದಾಗಬೇಕೆಂದು ಹಂಬಲಿಸಿದವರು ಈ ಚರಿತ್ರೆಯನ್ನು ಎರಡು ಸಲ ಓದಬೇಕು. ಬೆಳ್ಳಿಯಪ್ಪನವರ ಅಭಿಪ್ರಾಯ ಏಕೀಕರಣಕ್ಕೆ ವಿರೋಧವಾಗಿತ್ತು. ಆದರೆ ಅವರು ಅದನ್ನು ಊರೂರಿನಲ್ಲಿ ಹೇಳಿದರು, ಜನರು ಕೇಳಿದರು, ತೂಗಿ ನೋಡಿದರು, ಮತ ಕೊಟ್ಟರು. ಹಾಗೆ ಕೇಳಿ, ತೂಗಿ, ಒಪ್ಪಿ ಸೇರಿದುದರಿಂದಲೇ ಆ ಸೇರ್ಪಡೆಗೆ ನೈತಿಕ ಬಲವಿದೆ. ವಿರೋಧಿಯ ಬಾಯನ್ನು ಕಟ್ಟಿ ಸಾಧಿಸಿದ ಐಕ್ಯವು ಐಕ್ಯವಲ್ಲ, ಮೌನವಷ್ಟೆ. ಇಂದಿಗೂ ಕೊಡಗಿನಲ್ಲಿ ಪ್ರತ್ಯೇಕತೆಯ ಮಾತನ್ನಾಡುವವರಿದ್ದಾರೆ. ಅವರಿಗೆ ಉತ್ತರ ಹೇಳುವುದು ನಮ್ಮ ಕೆಲಸ. ಅವರನ್ನು ಸುಮ್ಮನಾಗಿಸುವುದು ಯಾರ ಕೆಲಸವೂ ಅಲ್ಲ.

ಸ್ವತಂತ್ರ ಭಾರತದ ಸಂವಿಧಾನವು ತನ್ನ ೧೯ನೆಯ ಅನುಚ್ಛೇದದಲ್ಲಿ ಭಾಷಣಸ್ವಾತಂತ್ರ್ಯವನ್ನು ಪ್ರತಿ ಪ್ರಜೆಗೂ ಕೊಟ್ಟಿತು. ಕೊಟ್ಟ ಮರುವರ್ಷವೇ, ೧೯೫೧ರಲ್ಲಿ, ಮೊದಲನೆಯ ತಿದ್ದುಪಡಿಯಿಂದ ಅದರ ಮೇಲಣ ನಿರ್ಬಂಧಗಳು ಹಿಗ್ಗಿದವು. ೧೯೭೫ನೆಯ ಇಸವಿಯ ಜೂನ್ ತಿಂಗಳಲ್ಲಿ ತುರ್ತುಪರಿಸ್ಥಿತಿ ಬಂದಾಗ ಪತ್ರಿಕೆಯ ಪುಟಗಳು ಸೆನ್ಸಾರರ ಕೈಗೆ ಹೋದವು, ವಿರೋಧಿಗಳು ಬೆಂಗಳೂರಿನ ಸೆರೆಮನೆಗೆ ಬಂದರು. 'ಸಂಸ್ಕಾರ' ಚಿತ್ರದ ನಟಿ ಸ್ನೇಹಲತಾ ರೆಡ್ಡಿಯವರು ಆ ಸೆರೆಮನೆಯಲ್ಲಿ ಆರೋಗ್ಯವನ್ನು ಕಳೆದುಕೊಂಡು, ಹೊರಗೆ ಬಂದ ಕೆಲವೇ ದಿನಗಳಲ್ಲಿ, ೧೯೭೭ರ ಜನವರಿಯಲ್ಲಿ ತೀರಿಕೊಂಡರು. ಆಗ ಸೆರೆಯಲ್ಲಿದ್ದ ಮುಖಂಡರು ಮುಂದೆ ಮಂತ್ರಿಗಳಾದರು. ಸೆರೆಮನೆಯ ಅನುಭವದಿಂದ ಅವರೂ ಅವರ ಪಕ್ಷಗಳೂ ಭಾಷಣಸ್ವಾತಂತ್ರ್ಯದ ಬೆಲೆಯನ್ನು ಎಂದೆಂದಿಗೂ ಅರಿತುಕೊಂಡಾರೆಂದು ಜನರು ನಂಬಿದರು. ಆ ನಂಬಿಕೆ ಎಷ್ಟು ದೂರ ಉಳಿಯಿತೆಂಬುದನ್ನು ನಮ್ಮ ನಾಡಿನ ಈಚಿನ ಕೆಲವು ಸಂಗತಿಗಳೇ ಹೇಳುತ್ತವೆ.

ಮೊದಲನೆಯದು ನಮ್ಮ ಶಾಸನಸಭೆಯ ಸಂಗತಿ. ೨೦೧೭ನೆಯ ಇಸವಿಯ ಜೂನ್ ತಿಂಗಳಲ್ಲಿ ಕರ್ನಾಟಕದ ವಿಧಾನಸಭೆಯು ಎರಡು ಕನ್ನಡ ಪತ್ರಿಕೆಗಳ ಸಂಪಾದಕರಿಗೆ, 'ಹಾಯ್ ಬೆಂಗಳೂರ್'ನ ರವಿ ಬೆಳಗೆರೆಯವರಿಗೂ 'ಯಲಹಂಕ ವಾಯ್ಸ್'ನ ಅನಿಲ್ ರಾಜು ಅವರಿಗೂ, ತಲಾ ಒಂದು ವರ್ಷದ ಸೆರೆವಾಸವನ್ನೂ ೧೦,೦೦೦ ರೂಪಾಯಿ ದಂಡವನ್ನೂ ವಿಧಿಸಿತು. ಶಾಸಕರ ಮೇಲೆ ಮಾನಹಾನಿಕರವಾಗಿ ಬರೆದರೆಂಬುದೇ ಆರೋಪ. ದೂರು ಕೊಟ್ಟವರು ಶಾಸಕರು. ವಿಚಾರಣೆ ನಡೆಸಿದುದು ಶಾಸಕರ ಹಕ್ಕುಬಾಧ್ಯತಾ ಸಮಿತಿ. ಶಿಕ್ಷೆಯನ್ನು ಒಪ್ಪಿದುದು ಶಾಸಕರ ಸಭೆ. ಅಂದು ಸಭಾಧ್ಯಕ್ಷರ ಪೀಠದಲ್ಲಿದ್ದ ಕೆ. ಬಿ. ಕೋಳಿವಾಡರೇ, ಆ ಪೀಠಕ್ಕೆ ಬರುವ ಮೊದಲು, ಟೀಕೆಗೆ ಗುರಿಯಾದ ಶಾಸಕರಲ್ಲೊಬ್ಬರಾಗಿದ್ದರು! ಸಂಪಾದಕರು ಉಚ್ಚ ನ್ಯಾಯಾಲಯದ ಮೆಟ್ಟಿಲೇರಬೇಕಾಯಿತು.

ಆ ಪತ್ರಿಕೆಗಳ ಬರವಣಿಗೆಯನ್ನು ಇಲ್ಲಿ ಸಮರ್ಥಿಸುವುದು ನಮ್ಮ ಉದ್ದೇಶವಲ್ಲ. ಅದರ ಕಟುತನ ಹಲವರಿಗೆ ರುಚಿಸದುದು ಸಹಜ. ಬರೆದುದು ಸುಳ್ಳಾಗಿದ್ದರೆ ಮಾನನಷ್ಟದ ದಾವೆಗೆ ನ್ಯಾಯಾಲಯಗಳಿದ್ದವು. ಅಲ್ಲಿ ಶಾಸಕನು ಸಾಕ್ಷಿಪೆಟ್ಟಿಗೆಯಲ್ಲಿ ನಿಂತು ಪಾಟೀಸವಾಲಿಗೆ ಉತ್ತರ ಕೊಡಬೇಕು. ಸಂಪಾದಕನೂ ತನ್ನ ಆಧಾರಗಳನ್ನು ತೋರಿಸಬೇಕು. ಸಭೆಯ ದಾರಿಯಲ್ಲಿ ಈ ತೊಡಕಿಲ್ಲ. ಸಂವಿಧಾನದ ೧೯೪ನೆಯ ಅನುಚ್ಛೇದವು ಶಾಸನಸಭೆಯ ವಿಶೇಷಾಧಿಕಾರಗಳನ್ನು ಕಾನೂನಿನ ಮೂಲಕ ಗೊತ್ತುಮಾಡಿಕೊಳ್ಳಬಹುದೆಂದು ಹೇಳಿದ್ದರೂ, ಅವನ್ನು ಪಟ್ಟಿಮಾಡಿ ಬರೆದಿಡುವ ಕೆಲಸ ಇಂದಿಗೂ ಆಗಿಲ್ಲ. ಬರೆದಿಡದ ಅಧಿಕಾರಕ್ಕೆ ಎಲ್ಲೆಯೂ ಇಲ್ಲ. ಸಭೆಯೊಳಗೆ ನಿರ್ಭಯವಾಗಿ ಮಾತನಾಡಲೆಂದು ಶಾಸಕನಿಗೆ ಕೊಟ್ಟ ರಕ್ಷಣೆಯು ಸಭೆಯ ಹೊರಗೆ ಮಾತನಾಡುವವನ ಮೇಲಣ ಆಯುಧವಾಗುವುದು ಎಂಥ ವಿಪರ್ಯಾಸ!

ಎರಡನೆಯದು ಬೀದರಿನ ಸಂಗತಿ. ೨೦೨೦ನೆಯ ಇಸವಿಯ ಜನವರಿಯಲ್ಲಿ ಅಲ್ಲಿಯ ಶಾಹೀನ್ ಶಾಲೆಯ ಮಕ್ಕಳು ಪೌರತ್ವ ಕಾಯಿದೆಯನ್ನು ಕುರಿತು ಒಂದು ನಾಟಕವಾಡಿದರು. ಅದರಲ್ಲಿ ಪ್ರಧಾನಮಂತ್ರಿಗಳನ್ನು ಹೀಯಾಳಿಸುವ ಮಾತು ಬಂದಿತೆಂದು ದೂರಾಯಿತು. ಪೋಲೀಸರು ರಾಜದ್ರೋಹದ ಮೊಕದ್ದಮೆ ಹೂಡಿದರು. ಶಾಲೆಯ ಮುಖ್ಯೋಪಾಧ್ಯಾಯಿನಿಯನ್ನೂ ಮಗುವೊಂದರ ತಾಯಿಯನ್ನೂ ಸೆರೆಗೆ ಹಾಕಿದರು. ಅವರು ಜಾಮೀನಿನ ಮೇಲೆ ಹೊರಬರಲು ಎರಡು ವಾರಗಳು ಹಿಡಿದವು. ಅಷ್ಟರಲ್ಲಿ ಪೋಲೀಸರು ಶಾಲೆಗೆ ಮತ್ತೆ ಮತ್ತೆ ಹೋಗಿ ಮಕ್ಕಳನ್ನು ಪ್ರಶ್ನಿಸಿದ್ದರು. ಸಮವಸ್ತ್ರ ಧರಿಸಿದ ಪೋಲೀಸರು ಎಳೆಯ ಮಕ್ಕಳನ್ನು ವಿಚಾರಿಸಿದುದು ಮಕ್ಕಳ ರಕ್ಷಣೆಯ ಕಾನೂನಿಗೆ ವಿರುದ್ಧವೆಂದು ಉಚ್ಚ ನ್ಯಾಯಾಲಯವು ೨೦೨೧ರಲ್ಲಿ ಗುರುತಿಸಿತು. ೨೦೨೩ರ ಜೂನ್ ತಿಂಗಳಲ್ಲಿ ಶಾಲೆಯ ಆಡಳಿತದವರ ಮೇಲಣ ಮೊಕದ್ದಮೆಯನ್ನೇ ರದ್ದುಮಾಡಿತು. ಮಾತು ಅನುಚಿತವಾಗಿರಬಹುದು, ಆದರೆ ಜನರನ್ನು ಹಿಂಸೆಗೆ ಪ್ರಚೋದಿಸದ ಮಾತು ರಾಜದ್ರೋಹವಲ್ಲವೆಂಬುದು ಅದರ ತಿರುಳು. ೧೯೬೨ರಲ್ಲಿ ಕೇದಾರನಾಥ ಸಿಂಗರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಹೇಳಿದ್ದುದೂ ಇದನ್ನೇ. ಅರುವತ್ತು ವರ್ಷಗಳಿಂದ ಸ್ಪಷ್ಟವಾಗಿದ್ದ ಕಾನೂನನ್ನು ಪುನಃ ಹೇಳಿಸಿಕೊಳ್ಳುವುದಕ್ಕೆ ಮೂರು ವರ್ಷಗಳು ಬೇಕಾದವು!

ಬೀದರಿನಲ್ಲಿ ಆಗ ನಡೆಯುತ್ತಿದ್ದುದು ಭಾರತೀಯ ಜನತಾ ಪಕ್ಷದ ಸರಕಾರದ ಆಡಳಿತ. ಇದು ಒಂದೇ ಪಕ್ಷದ ದೋಷವೆಂದು ಎದುರು ಪಕ್ಷದವರು ಸಂತೋಷಪಡುವ ಮೊದಲು ಕೊಡಗಿನ ಕಡೆಗೆ ನೋಡಲಿ. ೨೦೧೮ರ ನವೆಂಬರ್ ತಿಂಗಳಲ್ಲಿ, ಕಾಂಗ್ರೆಸ್ಸೂ ಜನತಾದಳವೂ ಕೂಡಿ ಆಳುತ್ತಿದ್ದಾಗ, ಗೋಣಿಕೊಪ್ಪಲಿನ ಸಭೆಯೊಂದರಲ್ಲಿ ಟಿಪ್ಪು ಜಯಂತಿಯನ್ನು ಕುರಿತು ಮಾಡಿದ ಭಾಷಣಕ್ಕಾಗಿ ಪತ್ರಕರ್ತ ಸಂತೋಷ್ ತಮ್ಮಯ್ಯನವರನ್ನು ಕೊಡಗಿನ ಪೋಲೀಸರು ಬಂಧಿಸಿದರು. ನ್ಯಾಯಾಲಯವು ಜಾಮೀನು ಕೊಟ್ಟು ಬಿಡಿಸಿತು. ೨೦೧೯ರ ಮೇ ತಿಂಗಳಲ್ಲಿ ಅದೇ ಸರಕಾರದ ಕಾಲದಲ್ಲಿ, ಮುಖ್ಯಮಂತ್ರಿಗಳ ಪುತ್ರನನ್ನು ಕುರಿತ ಸುದ್ದಿಯೊಂದಕ್ಕಾಗಿ 'ವಿಶ್ವವಾಣಿ'ಯ ಸಂಪಾದಕರಾದ ವಿಶ್ವೇಶ್ವರ ಭಟ್ಟರ ಮೇಲೆ ಪೋಲೀಸ್ ಮೊಕದ್ದಮೆ ದಾಖಲಾಯಿತು. ೨೦೨೨ರ ಸೆಪ್ಟೆಂಬರಿನಲ್ಲಿ, ಮತ್ತೆ ಭಾರತೀಯ ಜನತಾ ಪಕ್ಷದ ಸರಕಾರವಿದ್ದಾಗ, ಲಂಚದ ಆರೋಪದ 'ಪೇಸಿಎಂ' ಭಿತ್ತಿಪತ್ರಗಳನ್ನು ಅಂಟಿಸಿದ ಕಾಂಗ್ರೆಸ್ಸಿಗರನ್ನು ಪೋಲೀಸರು ಹಿಡಿದರು. ೨೦೨೩ರ ಮೇ ತಿಂಗಳಲ್ಲಿ ಕಾಂಗ್ರೆಸ್ಸು ಅಧಿಕಾರಕ್ಕೆ ಬರುತ್ತಲೇ, ಹೊಸ ಮುಖ್ಯಮಂತ್ರಿಗಳ ಉಚಿತ ಯೋಜನೆಗಳನ್ನು ಟೀಕಿಸಿ ಫೇಸ್‌ಬುಕ್ಕಿನಲ್ಲಿ ಬರೆದನೆಂದು ಚಿತ್ರದುರ್ಗ ಜಿಲ್ಲೆಯ ಶಾಲಾಶಿಕ್ಷಕನೊಬ್ಬನು ಅಮಾನತ್ತಾದನು. ಗಾದಿಯ ಮೇಲಣ ಮನುಷ್ಯ ಬದಲಾದನು, ಗಾದಿಯ ಅಭ್ಯಾಸ ಬದಲಾಗಲಿಲ್ಲ.

ಈ ಟೀಕಾಕಾರರಲ್ಲಿ ಕೆಲವರ ಮಾತು ನಮಗೆ ಒಪ್ಪಿಗೆಯಾದೀತು, ಕೆಲವರದು ಆಗಲಾರದು. ಕೆಲವರ ಮಾತಿನಿಂದ ನಮ್ಮ ನೆರೆಯವರ ಮನಸ್ಸು ನೊಂದೂ ಇರಬಹುದು. ನಮಗೆ ಪ್ರಿಯವಾದ ಮಾತಿಗೆ ಮಾತ್ರ ಸ್ವಾತಂತ್ರ್ಯ ಬೇಡುವವನು ಸ್ವಾತಂತ್ರ್ಯವನ್ನು ಬೇಡುತ್ತಿಲ್ಲ, ತನ್ನ ಪಕ್ಷಕ್ಕೆ ವಿಶೇಷ ಸವಲತ್ತನ್ನು ಬೇಡುತ್ತಿದ್ದಾನೆ.

ಇಂಥ ಮೊಕದ್ದಮೆಗಳಲ್ಲಿ ಕೊನೆಗೆ ಶಿಕ್ಷೆಯಾಗುವುದು ಅಪರೂಪವೆಂದು ಹೇಳಿ ಸಮಾಧಾನಪಡುವವರಿದ್ದಾರೆ. ಅವರು ವಿಷಯದ ಮರ್ಮವನ್ನರಿತವರಲ್ಲ. ಮೊಕದ್ದಮೆಯೇ ಶಿಕ್ಷೆ. ಬೆಳಗಿನ ಜಾವದಲ್ಲಿ ಮನೆಯ ಬಾಗಿಲು ಬಡಿಯುವುದು, ದೂರದ ಠಾಣೆಗೆ ಒಯ್ಯುವುದು, ದೂರವಾಣಿಯನ್ನು ಕಸಿದುಕೊಳ್ಳುವುದು, ತಿಂಗಳಿಗೊಮ್ಮೆ ಕೂಲಿ ಬಿಟ್ಟು ಕೋರ್ಟಿಗೆ ಅಲೆಯುವುದು, ವಕೀಲನಿಗೆ ಸಾಲಮಾಡಿ ಕೊಡುವುದು: ಇಷ್ಟೆಲ್ಲ ಆದ ಮೇಲೆ "ನೀನು ನಿರಪರಾಧಿ" ಎಂಬ ಕಾಗದ ಕೈಗೆ ಬರುತ್ತದೆ. ಅಷ್ಟರೊಳಗೆ ಆ ಮನುಷ್ಯನೂ ಅವನ ನೆರೆಹೊರೆಯ ನೂರು ಮಂದಿಯೂ ಬಾಯಿ ಮುಚ್ಚಿಕೊಂಡಿರುವುದನ್ನು ಕಲಿತಿರುತ್ತಾರೆ. ದೂರು ಕೊಟ್ಟವನಿಗಾಗಲಿ ಮೊಕದ್ದಮೆ ಹೂಡಿದವನಿಗಾಗಲಿ ಒಂದು ಕಾಸಿನ ನಷ್ಟವೂ ಇಲ್ಲ.

ಇಲ್ಲಿ ಒಂದು ಆಕ್ಷೇಪಣೆ ಬರುತ್ತದೆ. ಅದನ್ನು ಲಘುವಾಗಿ ತಳ್ಳಿಹಾಕಲಾಗದು. "ಕೊಡಗಿನಲ್ಲಿ ೨೦೧೫ರ ನವೆಂಬರಿನಲ್ಲಿ ಟಿಪ್ಪು ಜಯಂತಿಯ ಗಲಭೆಯಾಗಿ ಮಡಿಕೇರಿಯಲ್ಲಿ ಪ್ರಾಣಹಾನಿಯಾಯಿತು. ೨೦೨೨ರ ಆಗಸ್ಟಿನಲ್ಲಿ ಗುಡ್ಡೆಹೊಸೂರಿನಲ್ಲಿ ವಿರೋಧಪಕ್ಷದ ನಾಯಕ ಸಿದ್ದರಾಮಯ್ಯನವರ ವಾಹನದ ಮೇಲೆ ಮೊಟ್ಟೆ ಬಿದ್ದು, ಎರಡು ಪಕ್ಷಗಳೂ ಮಡಿಕೇರಿಗೆ ಜನರನ್ನು ಸೇರಿಸಹೊರಟವು. ಜಿಲ್ಲಾಧಿಕಾರಿಗಳು ಆಗಸ್ಟ್ ೨೪ರಿಂದ ೨೭ರವರೆಗೆ ಸಭೆ ಮೆರವಣಿಗೆಗಳನ್ನು ನಿಷೇಧಿಸಿದರು. ಹಾಗೆ ಮಾಡದೆ ಬೇರೆ ದಾರಿಯಿತ್ತೇ? ಮಾತು ಬೆಂಕಿಯಾಗುವಾಗ ಸರಕಾರ ಕೈಕಟ್ಟಿ ಕೂಡಬೇಕೇ?"

ಕೂಡಬೇಕಾಗಿಲ್ಲ. ಎರಡು ಗುಂಪುಗಳು ಒಂದೇ ಬೀದಿಯಲ್ಲಿ ಎದುರಾಗುವುದನ್ನು ನಾಲ್ಕು ದಿನ ತಡೆಯುವುದು ಶಾಂತಿಪಾಲನೆ. ಆ ನಿಷೇಧ ಎರಡು ಪಕ್ಷಗಳಿಗೂ ಸಮನಾಗಿತ್ತು, ಅವಧಿಯೂ ಗೊತ್ತಾಗಿತ್ತು. ಆದರೆ ಗಲಭೆಯನ್ನು ತಡೆಯುವ ಅಧಿಕಾರವೇ ಬೇರೆ, ಟೀಕೆಯನ್ನು ತಡೆಯುವ ಅಧಿಕಾರವೇ ಬೇರೆ. ನ್ಯಾಯವಾದ ಅಭಿಪ್ರಾಯವನ್ನು ಅಡಗಿಸುವುದಕ್ಕೆ ನಿಷೇಧಾಜ್ಞೆಯನ್ನು ಬಳಸಕೂಡದೆಂದು ಸರ್ವೋಚ್ಚ ನ್ಯಾಯಾಲಯವು ೨೦೨೦ರ ಜನವರಿಯಲ್ಲಿ, ಅನುರಾಧಾ ಭಾಸಿನರ ಮೊಕದ್ದಮೆಯಲ್ಲಿ, ನುಡಿದಿದೆ. ಈ ಎರಡನ್ನೂ ಬೆರೆಸಿದರೆ ಏನಾಗುವುದೆಂಬುದಕ್ಕೆ ನಮ್ಮ ನಾಡಿನಲ್ಲಿಯೇ ವಿದುರಾಶ್ವತ್ಥದ ಸಾಕ್ಷಿಯಿದೆ. ೧೯೩೮ರ ಏಪ್ರಿಲ್ ೨೫ರಂದು ಅಲ್ಲಿ ರಾಷ್ಟ್ರಧ್ವಜವನ್ನು ಹಾರಿಸಲು ನೆರೆದ ಜನರು ಯಾರ ಮನೆಯನ್ನೂ ಸುಡಲು ಬಂದಿರಲಿಲ್ಲ. ನಿಷೇಧಾಜ್ಞೆಯಿತ್ತೆಂಬುದೇ ಅವರ ಅಪರಾಧವಾಯಿತು, ಗುಂಡು ಹಾರಿತು, ಅಮಾಯಕರು ಸತ್ತರು.

ಸುಳ್ಳುಸುದ್ದಿಯ ಆಕ್ಷೇಪಣೆಯೂ ಇಂಥದೇ. ಕೈಯೊಳಗಣ ದೂರವಾಣಿಯಿಂದ ಒಂದು ಗಳಿಗೆಯಲ್ಲಿ ಸಾವಿರ ಮನೆಗಳಿಗೆ ಸುಳ್ಳು ತಲುಪುವ ಕಾಲವಿದು. ಈ ಉಪದ್ರವಕ್ಕೆ ಮದ್ದೆಂದು ೨೦೨೫ರ ಜೂನ್ ತಿಂಗಳಲ್ಲಿ ಕರ್ನಾಟಕ ಸರಕಾರದ ಮಸೂದೆಯ ಕರಡೊಂದು ಬೆಳಕಿಗೆ ಬಂದಿತು. ಸುಳ್ಳುಸುದ್ದಿಗೆ ಏಳು ವರ್ಷಗಳವರೆಗಿನ ಸೆರೆವಾಸವನ್ನೂ ಹತ್ತು ಲಕ್ಷ ರೂಪಾಯಿಗಳವರೆಗಿನ ದಂಡವನ್ನೂ ಆ ಕರಡು ಸೂಚಿಸಿತು. ಯಾವುದು ಸುಳ್ಳೆಂದು ನೋಡುವ ಪ್ರಾಧಿಕಾರಕ್ಕೆ ಮಂತ್ರಿಯೊಬ್ಬರೇ ಅಧ್ಯಕ್ಷರೆಂದಿತು. ಮಂತ್ರಿಯ ಮೇಲಣ ಆರೋಪವು ಸುಳ್ಳೋ ನಿಜವೋ ಎಂಬುದನ್ನು ಮಂತ್ರಿಯ ಸಮಿತಿಯೇ ಹೇಳಬೇಕಂತೆ! ಕೇಂದ್ರ ಸರಕಾರವೂ ಇದೇ ದಾರಿಯನ್ನು ಹಿಡಿದಿತ್ತು. ಸರಕಾರದ ವಿಷಯವಾದ ಸುದ್ದಿಗಳಲ್ಲಿ ಯಾವುದು ಸುಳ್ಳೆಂದು ಸರಕಾರದ ತಂಡವೇ ಗುರುತಿಸಬಹುದೆಂದು ಅದು ೨೦೨೩ರಲ್ಲಿ ಮಾಡಿದ ನಿಯಮವನ್ನು ಮುಂಬಯಿಯ ಉಚ್ಚ ನ್ಯಾಯಾಲಯವು ೨೦೨೪ರ ಸೆಪ್ಟೆಂಬರಿನಲ್ಲಿ ಸಂವಿಧಾನವಿರೋಧಿಯೆಂದು ತೆಗೆದುಹಾಕಿತು. ಅಂದು ಆ ತೀರ್ಪನ್ನು ಕೇಂದ್ರಕ್ಕೆ ತಕ್ಕ ಪಾಠವೆಂದು ಹೊಗಳಿದವರು ಬೆಂಗಳೂರಿನಲ್ಲಿ ಅದೇ ಪಾಠವನ್ನು ಮರೆಯಲಾಗದು.

ಹಾಗಾದರೆ ಮಾಡಬೇಕಾದುದೇನು? ಬರಿಯ ಆಕ್ಷೇಪಣೆಯಿಂದ ನಾಡಿಗೆ ಪ್ರಯೋಜನವಿಲ್ಲ. ನಮಗೆ ತೋರಿದ ನಾಲ್ಕು ಮಾತುಗಳನ್ನು ಹೇಳುತ್ತೇವೆ.

ಒಂದು: ಮಾತಿನ ಅಪರಾಧವೆಂದು ದೂರು ಬಂದಾಗ ಪೋಲೀಸರು ಮೊದಲು ಪ್ರಾಥಮಿಕ ವಿಚಾರಣೆ ಮಾಡಲಿ, ಮೂರರಿಂದ ಏಳು ವರ್ಷಗಳ ಶಿಕ್ಷೆಯ ಅಪರಾಧಗಳಲ್ಲಿ ಹೊಸ ದಂಡಪ್ರಕ್ರಿಯೆಯ ಸಂಹಿತೆಯು ಇದಕ್ಕೆ ಎಡೆಕೊಟ್ಟಿದೆ. ೨೦೨೫ರ ಮಾರ್ಚ್ ೨೮ರಂದು, ಕವಿತೆಯೊಂದಕ್ಕಾಗಿ ಇಮ್ರಾನ್ ಪ್ರತಾಪಗಢಿಯವರ ಮೇಲೆ ಹೂಡಿದ್ದ ಮೊಕದ್ದಮೆಯನ್ನು ರದ್ದುಮಾಡುವಾಗ, ಸರ್ವೋಚ್ಚ ನ್ಯಾಯಾಲಯವು ಈ ದಾರಿಯನ್ನೇ ತೋರಿಸಿದೆ. ನಾವು ಇನ್ನೊಂದು ಹೆಜ್ಜೆ ಮುಂದೆ ಹೋಗಿ ಹೇಳುತ್ತೇವೆ: ನೊಂದವನು ಮಂತ್ರಿಯೋ ಶಾಸಕನೋ ಅಧಿಕಾರಿಯೋ ಆಗಿದ್ದರೆ, ಮ್ಯಾಜಿಸ್ಟ್ರೇಟರ ಲಿಖಿತ ಅನುಮತಿಯಿಲ್ಲದೆ ಯಾರನ್ನೂ ಬಂಧಿಸಕೂಡದು.

ಎರಡು: ಶಾಸನಸಭೆಯು ತನ್ನ ವಿಶೇಷಾಧಿಕಾರಗಳನ್ನು ಕಾನೂನಾಗಿ ಬರೆದಿಡಲಿ. ಸಭೆಯ ಕೆಲಸಕ್ಕೆ ಅಡ್ಡಿಮಾಡಿದವನನ್ನು ಹೊರಗೆ ಕಳಿಸುವ ಅಧಿಕಾರ ಸಭೆಗಿರಲಿ. ಸಭೆಯ ಹೊರಗೆ ಶಾಸಕನ ನಡತೆಯನ್ನು ಬರೆದವನ ವಿಚಾರಣೆಯು ನ್ಯಾಯಾಲಯಕ್ಕೆ ಸೇರಲಿ.

ಮೂರು: ಸತ್ಯಾಸತ್ಯಗಳನ್ನು ನೋಡುವ ಯಾವ ಪ್ರಾಧಿಕಾರದಲ್ಲಿಯೂ ಮಂತ್ರಿಗೆ ಪೀಠವಿರಕೂಡದು.

ನಾಲ್ಕು: ಸ್ವೇಚ್ಛೆಯಿಂದ ಹೂಡಿದ ಮೊಕದ್ದಮೆ ರದ್ದಾದಾಗ ಅದಕ್ಕಾದ ಖರ್ಚನ್ನು ನಿರಪರಾಧಿಗೆ ಸರಕಾರ ತೆರಲಿ, ಹೂಡಿದ ಅಧಿಕಾರಿಯ ಸೇವಾಪುಸ್ತಕದಲ್ಲಿ ಅದು ಬರೆಯಲ್ಪಡಲಿ. ದರ್ಪಕ್ಕೆ ಬೆಲೆ ತೆರಬೇಕಾಗಿ ಬಂದಾಗ ದರ್ಪ ಕಡಿಮೆಯಾಗುತ್ತದೆ.

ಪತ್ರಿಕೆಗಳವರಾದ ನಮಗೂ ಒಂದು ಮಾತಿದೆ. ವಿಚಾರಿಸದೆ ಬರೆದ ಒಂದು ಸುಳ್ಳು, ನಿಜ ಬರೆಯುವ ಹತ್ತು ಮಂದಿಯ ಕತ್ತಿಗೆ ಹಗ್ಗವಾಗುತ್ತದೆ. ತಪ್ಪಿದಾಗ ತಪ್ಪಾಯಿತೆಂದು, ತಪ್ಪನ್ನು ಅಚ್ಚುಮಾಡಿದಷ್ಟೇ ದಪ್ಪಕ್ಷರಗಳಲ್ಲಿ ಅಚ್ಚುಮಾಡುವ ಧೈರ್ಯ ನಮಗಿರಬೇಕು. ಅಪ್ಪಣೆಯನ್ನು ಬೇಡದೆ ಪತ್ರಿಕೆಯನ್ನೇ ನಿಲ್ಲಿಸಿದ ತಾತಯ್ಯನವರ ಬಲವು ಅವರ ಸತ್ಯನಿಷ್ಠೆಯಲ್ಲಿತ್ತೆಂಬುದನ್ನು ಮರೆಯದಿರೋಣ.

ಮತ್ತೆ ಹಾರಂಗಿಗೆ ಬರೋಣ. ಅಣೆಕಟ್ಟಿನ ಕೆಳಗಿನ ರೈತನ ಮಾತಿಗೆ ಸರಕಾರವು ಕೊಡಬಹುದಾದ ಉತ್ತರಗಳು ಎರಡು. ಠಾಣೆಗೆ ಬಾ ಎಂಬುದು ಒಂದು. ಇಂದಿನ ಒಳಹರಿವು ಇಷ್ಟು, ಹೊರಹರಿವು ಇಷ್ಟು, ಹೂಳು ಇಷ್ಟಿದೆ, ಇಂಥ ಗಂಟೆಗೆ ಇಷ್ಟು ನೀರು ಬಿಡುತ್ತೇವೆ, ಲೆಕ್ಕ ಇಲ್ಲಿದೆ, ನೋಡಿಕೊ ಎಂಬುದು ಇನ್ನೊಂದು. ಈ ಲೆಕ್ಕವು ಮಳೆಗಾಲದುದ್ದಕ್ಕೂ ಗಂಟೆಗಂಟೆಗೆ ಪ್ರಕಟವಾಗಿ ಹೊಳೆಯ ದಂಡೆಯ ಪ್ರತಿ ಊರಿನ ಜನರ ಕಣ್ಣಿಗೆ ಬೀಳುವಂತಿದ್ದರೆ ಸುಳ್ಳುಸುದ್ದಿಗೆ ಕಾಲೂರಲು ಸ್ಥಳವೇ ಇರುವುದಿಲ್ಲ. ರೈತನ ಮಾತು ತಪ್ಪಾಗಿದ್ದರೆ ಲೆಕ್ಕವೇ ಅದನ್ನು ತಿದ್ದುತ್ತದೆ. ಸರಿಯಾಗಿದ್ದರೆ ನೂರಾರು ಮನೆಗಳು ಉಳಿಯುತ್ತವೆ. ಅವನನ್ನು ಠಾಣೆಯಲ್ಲಿ ಕೂಡಿಹಾಕಿದರೆ ಅವನ ಮಾತು ನಿಜವೋ ಸುಳ್ಳೋ ಎಂಬುದು ನೀರು ಬಂದ ಮೇಲೆಯೇ ನಮಗೆ ತಿಳಿಯಬೇಕಾಗುತ್ತದೆ.

ನಾಡಬಾಂಧವರೇ, ಕೋಡಿಯಿಲ್ಲದೆ ಕೆರೆ ಕಟ್ಟುವವನನ್ನು ನಮ್ಮ ಹಿರಿಯರು ಬುದ್ಧಿವಂತನೆಂದು ಕರೆಯಲಿಲ್ಲ. ನಾಳೆ ನಿಮ್ಮ ಎದುರು ಪಕ್ಷದವನೊಬ್ಬನು ಆಡಿದ ಮಾತಿಗಾಗಿ ನಿಮ್ಮ ಪಕ್ಷದ ಸರಕಾರವು ಅವನ ಬಾಗಿಲು ಬಡಿದಾಗ, ಅವನ ಮಾತನ್ನು ನೀವು ಒಪ್ಪದಿದ್ದರೂ, ಅವನ ಜಗಲಿಯ ಮೇಲೆ ಹೋಗಿ ನಿಲ್ಲಿರಿ. ಅವನು ತಪ್ಪಿತಸ್ಥನೇ ಆಗಿದ್ದರೆ ನ್ಯಾಯಾಧಿಪತಿಯು ಹೇಳಲಿ. ಅವನಿಂದ ಟೀಕೆಗೊಳಗಾದವನು ಹೇಳುವುದು ಬೇಡ. ಅಷ್ಟನ್ನು ನಾವು ಮಾಡಲಾರೆವಾದರೆ, ನಮ್ಮ ಬಾಗಿಲನ್ನು ಬಡಿದ ದಿನ ನಮ್ಮ ಜಗಲಿ ಬರಿದಾಗಿರುವುದನ್ನು ಕಂಡು ದುಃಖಿಸುವ ಹಕ್ಕು ನಮಗಿರುವುದಿಲ್ಲ.